ಅಲೆಕ್ಸಾಂಡರ್ ಈಜಿಪ್ಟನ್ನು ಆಳಿದ್ದು ಹೇಗೆ, ನಿಜಕ್ಕೂ ಆಳಿದ್ದು ಯಾರು?

ಪ್ರಶ್ನೆ: ಅಲೆಕ್ಸಾಂಡರ್ ಈಜಿಪ್ಟಿನಲ್ಲಿ ಇದ್ದದ್ದು ಆರು ತಿಂಗಳು ಮಾತ್ರ ಎಂದು ಓದಿದ್ದೇನೆ. ಆದರೂ ಅವನನ್ನು ಅಲ್ಲಿನ ಫೇರೋ ಎನ್ನುತ್ತಾರೆ, ಜನ ಅವನನ್ನು ಸಂತೋಷದಿಂದ ಬರಮಾಡಿಕೊಂಡರು ಎನ್ನುತ್ತಾರೆ. ಇದು ಎಷ್ಟು ನಿಜ? ಅವನು ಹೊರಟ ಮೇಲೆ, ಸಾಯುವವರೆಗಿನ ಎಂಟು ವರ್ಷ ಆ ದೇಶವನ್ನು ನಡೆಸಿದವರು ಯಾರು? ಸೈನ್ಯ, ತೆರಿಗೆ, ದೇವಸ್ಥಾನಗಳ ವ್ಯವಸ್ಥೆ ಹೇಗಿತ್ತು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಕ್ರಿ.ಪೂ. 331ರ ವಸಂತದಲ್ಲಿ ಈಜಿಪ್ಟ್ ಬಿಟ್ಟು ಹೊರಡುವಾಗ ಅಲೆಕ್ಸಾಂಡರ್ ಅಲ್ಲಿನ ಅಧಿಕಾರವನ್ನು ಹನ್ನೆರಡು ಜನರಿಗೆ ಹಂಚಿದ. ಯಾರೊಬ್ಬನೂ ಬಲಿತು ತನ್ನ ಮೇಲೆ ತಿರುಗಿ ಬೀಳಬಾರದು ಎಂಬುದು ಅದರ ಹಿಂದಿದ್ದ ಲೆಕ್ಕ. ಕೋಟೆ ಒಬ್ಬನಿಗೆ, ದಂಡು ಇನ್ನೊಬ್ಬನಿಗೆ, ಹಡಗು ಮತ್ತೊಬ್ಬನಿಗೆ ಎಂದು ಎಲ್ಲವನ್ನೂ ಪಾಲು ಮಾಡಿದ. ಕಂದಾಯವನ್ನು ಮಾತ್ರ ಇಡಿಯಾಗಿ ಒಬ್ಬನ ಕೈಗೆ ಕೊಟ್ಟ. ನಾಕ್ರಟಿಸ್ ಊರಿನ ಕ್ಲಿಯೊಮಿನೀಸ್ ಎಂಬ ಆ ಮನುಷ್ಯ ಕೆಲವೇ ವರ್ಷಗಳಲ್ಲಿ ಇಡೀ ದೇಶದ ಯಜಮಾನನಾಗಿ ಕೂತ.

ಈಗ ಮೊದಲಿಂದ ನೋಡೋಣ. ಕ್ರಿ.ಪೂ. 332ರಲ್ಲಿ ಟೈರ್ ಪಟ್ಟಣದ ಮುತ್ತಿಗೆಗೆ ಏಳು ತಿಂಗಳು, ಗಾಜಾಕ್ಕೆ ಸುಮಾರು ಎರಡು ತಿಂಗಳು ಹಿಡಿದವು. ಗಾಜಾದಿಂದ ಹೊರಟ ಸೈನ್ಯ ಏಳನೆಯ ದಿನ ಈಜಿಪ್ಟಿನ ಪೂರ್ವದ ಬಾಗಿಲಾದ ಪೆಲೂಸಿಯಮ್ ತಲುಪಿತು. ಅಲ್ಲಿ ಯುದ್ಧವೇ ನಡೆಯಲಿಲ್ಲ. ಈಜಿಪ್ಟನ್ನು ಆಳುತ್ತಿದ್ದ ಪರ್ಷಿಯದ ಪ್ರಾಂತಾಧಿಪತಿ ಸಬಾಕೀಸ್ ಹಿಂದಿನ ವರ್ಷ ಅಲೆಕ್ಸಾಂಡರ್‌ನ ಎದುರು ನಡೆದ ಇಸ್ಸಸ್ ಕದನದಲ್ಲಿ ಸತ್ತಿದ್ದ, ಅವನ ಜೊತೆ ಹೋಗಿದ್ದ ದಂಡೂ ಹಿಂದಿರುಗಿರಲಿಲ್ಲ. ಅವನ ಜಾಗಕ್ಕೆ ಬಂದಿದ್ದ ಮಜಾಕೀಸ್‌ನ ಹತ್ತಿರ ಕಾದಾಡುವಷ್ಟು ಜನರಿರಲಿಲ್ಲ. ಆತ ಮೆಂಫಿಸ್ ನಗರವನ್ನೂ ಖಜಾನೆಯಲ್ಲಿದ್ದ 800 ಟ್ಯಾಲೆಂಟನ್ನೂ ಒಪ್ಪಿಸಿಬಿಟ್ಟ. ಒಂದು ಟ್ಯಾಲೆಂಟ್ ಎಂದರೆ 6,000 ದ್ರಾಕ್ಮ (ಗ್ರೀಕರ ಬೆಳ್ಳಿ ನಾಣ್ಯ), ಅಥೆನ್ಸಿನ ತೂಕದಲ್ಲಿ ಸುಮಾರು 26 ಕಿಲೋ ಬೆಳ್ಳಿ. ಮುಂದಿನ ಲೆಕ್ಕಗಳಿಗೆ ಈ ಅಂಕಿ ನೆನಪಿರಲಿ.

ಜನ ಸಂತೋಷದಿಂದ ಬರಮಾಡಿಕೊಂಡರೇ? ಪರ್ಷಿಯನ್ನರು ತೊಲಗಿದ್ದು ಅವರಿಗೆ ಸಮಾಧಾನ ತಂದಿತ್ತು ಎನ್ನುವುದಕ್ಕೆ ಆಧಾರವಿದೆ. ಈಜಿಪ್ಟ್ ಕ್ರಿ.ಪೂ. 404ರಿಂದ ಅರವತ್ತು ವರ್ಷ ಸ್ವತಂತ್ರವಾಗಿತ್ತು. 343ರ ಹೊತ್ತಿಗೆ ಪರ್ಷಿಯದ ದೊರೆ ಮೂರನೆಯ ಅರ್ತಕ್ಸೆರ್ಕ್ಸೀಸ್ ಅದನ್ನು ಮತ್ತೆ ಗೆದ್ದ, ದೇಶೀಯ ಅರಸ ಎರಡನೆಯ ನೆಕ್ಟನೆಬೊ ದಕ್ಷಿಣಕ್ಕೆ ಓಡಿಹೋದ. ಆಮೇಲಿನ ಹತ್ತು ವರ್ಷ ಹೇಗಿತ್ತೆಂಬುದಕ್ಕೆ ದೇಶದವನೇ ಒಬ್ಬನ ಸಾಕ್ಷ್ಯ ಉಳಿದಿದೆ. ಹರ್ಮೊಪೊಲಿಸ್‌ನಲ್ಲಿ ಥೋತ್ ದೇವರ ಪ್ರಧಾನ ಅರ್ಚಕನಾಗಿದ್ದ ಪೆಟೊಸೈರಿಸ್‌ನ ಸಮಾಧಿ ಟೂನಾ ಅಲ್ ಜಬಲ್‌ನಲ್ಲಿದೆ. ಹೊರದೇಶದ ದೊರೆ ಆಳುತ್ತಿದ್ದಾಗ ಯಾವುದೂ ಮೊದಲಿನ ಜಾಗದಲ್ಲಿ ಉಳಿದಿರಲಿಲ್ಲ, ದೇವಸ್ಥಾನದ ಕೆಲಸ ನಿಂತುಹೋಗಿತ್ತು, ತಾನು ಅದನ್ನು ಮತ್ತೆ ಎತ್ತಿ ನಿಲ್ಲಿಸಿದೆ ಎಂದು ಅದರ ಗೋಡೆಯ ಮೇಲೆ ಬರೆಸಿದ್ದಾನೆ. ಆದರೆ ಪರ್ಷಿಯನ್ನರ ಮೇಲಿನ ಬೇಸರವೇ ಮ್ಯಾಸಿಡೋನಿಯದವರ ಮೇಲಿನ ಪ್ರೀತಿ ಆಗಿಬಿಡುವುದಿಲ್ಲ. ಎದುರಿಸುವ ಸೈನ್ಯವೂ ಇಲ್ಲದ, ಎದುರಿಸಲು ಕಾರಣವೂ ಇಲ್ಲದ ದೇಶ ಬಾಗಿಲು ತೆರೆಯಿತು. ಇದಕ್ಕಿಂತ ಹೆಚ್ಚು ಹೇಳಿದರೆ ಅದು ಗ್ರೀಕ್ ಲೇಖಕರ ಉತ್ಸಾಹವನ್ನು ನಾವು ಸಾಲ ತಂದಂತೆ.

ಮೆಂಫಿಸ್‌ನಲ್ಲಿ ಅಲೆಕ್ಸಾಂಡರ್ ಮೊದಲು ಮಾಡಿದ ಕೆಲಸ, ಏಪಿಸ್ ಎಂಬ ಪವಿತ್ರ ಗೂಳಿಗೂ ಇತರ ದೇವರುಗಳಿಗೂ ಬಲಿಪೂಜೆ ಸಲ್ಲಿಸಿದ್ದು. ಅದೇ ಊರಿನಲ್ಲಿ ಗ್ರೀಕರ ಪದ್ಧತಿಯ ಕ್ರೀಡಾ ಮತ್ತು ಸಂಗೀತ ಸ್ಪರ್ಧೆಗಳನ್ನೂ ನಡೆಸಿದ. ಎರಡನ್ನೂ ಒಟ್ಟಿಗೆ ನೋಡಬೇಕು. ಏಪಿಸ್ ಪೂಜೆ ಅರ್ಚಕರ ಕಣ್ಣಿಗೆ, ಸ್ಪರ್ಧೆ ತನ್ನ ಸೈನಿಕರ ಕಣ್ಣಿಗೆ. ಹಿಂದೆ ಈಜಿಪ್ಟನ್ನು ಗೆದ್ದಿದ್ದ ಪರ್ಷಿಯದ ದೊರೆ ಕ್ಯಾಂಬಿಸೀಸ್ ಏಪಿಸ್ ಗೂಳಿಯನ್ನು ಇರಿದು ಕೊಂದ ಎಂಬ ಕಥೆ ಆಗ ಎಲ್ಲರ ಬಾಯಲ್ಲಿತ್ತು. (ಸಕ್ಕಾರದಲ್ಲಿ ಸಿಕ್ಕಿರುವ ಏಪಿಸ್ ಸಮಾಧಿಯ ಶಾಸನದ ಪ್ರಕಾರ ಕ್ಯಾಂಬಿಸೀಸ್‌ನ ಆಳ್ವಿಕೆಯಲ್ಲಿ ಗೂಳಿಯ ಅಂತ್ಯಸಂಸ್ಕಾರ ವಿಧಿಪೂರ್ವಕವಾಗಿಯೇ ನಡೆದಿದೆ, ಹಾಗಾಗಿ ಆ ಕಥೆಯನ್ನು ಪೂರ್ತಿ ನಂಬುವಂತಿಲ್ಲ.) ಕಥೆ ಸುಳ್ಳಿರಲಿ ನಿಜವಿರಲಿ, ಆ ಗೂಳಿಯ ಮುಂದೆ ತಲೆಬಾಗಿದವನು ಪರ್ಷಿಯದವರಂಥವನಲ್ಲ ಎಂಬ ಸುದ್ದಿ ಹರಡಲು ಅಷ್ಟು ಸಾಕಿತ್ತು.

ಫೇರೋ ಪಟ್ಟದ ವಿಷಯ. ಮೆಂಫಿಸ್‌ನಲ್ಲಿ ಅವನಿಗೆ ಪಟ್ಟಾಭಿಷೇಕವಾಯಿತು ಎಂದು ಅನೇಕ ಕಡೆ ಖಚಿತವಾಗಿ ಬರೆದಿರುತ್ತಾರೆ. ನಂಬಲರ್ಹ ಇತಿಹಾಸಕಾರರಾದ ಅರಿಯನ್, ಕರ್ಟಿಯಸ್, ಡಿಯೊಡೊರಸ್, ಪ್ಲೂಟಾರ್ಕ್ ಯಾರೂ ಇದನ್ನು ಹೇಳಿಲ್ಲ. ಅದು ಬರುವುದು ತುಂಬಾ ನಂತರ ಬೆಳೆದ ಅದ್ಭುತ ಕಥಾಮಾಲೆಯಲ್ಲಿ. ಆದರೆ ಅವನು ಫೇರೋ ಆಗಿದ್ದ ಎನ್ನುವುದಕ್ಕೆ ಸಾಕ್ಷಿ ಬೇರೆ ಕಡೆ ಇದೆ, ಅದು ಕಲ್ಲಿನಲ್ಲಿದೆ. ಲಕ್ಸರ್ ದೇವಸ್ಥಾನದಲ್ಲಿ, ಮೂರನೆಯ ಅಮೆನ್‌ಹೊಟೆಪ್ ಸಾವಿರ ವರ್ಷ ಮೊದಲು ಕಟ್ಟಿಸಿದ್ದ ಭಾಗದೊಳಗೆ, ದೇವರ ದೋಣಿಯನ್ನು ಇಡುವ ಗುಡಿಯನ್ನು ಅಲೆಕ್ಸಾಂಡರ್‌ನ ಹೆಸರಿನಲ್ಲಿ ಮತ್ತೆ ಕಟ್ಟಲಾಗಿದೆ. ಅದರ ಗೋಡೆಗಳ ಮೇಲೆ ಅವನು ಈಜಿಪ್ಟಿನ ಕಿರೀಟ, ಮೊಣಕಾಲ ಮೇಲಿನ ನಡುವಸ್ತ್ರ ತೊಟ್ಟು ಅಮುನ್ ದೇವರ ಮುಂದೆ ನಿಂತಿದ್ದಾನೆ. ಹೆಸರು ಬರೆದ ಅಂಡಾಕಾರದ ಚೌಕಟ್ಟು ಇಲ್ಲದಿದ್ದರೆ ಅವನನ್ನು ಹಳೆಯ ಫೇರೋಗಳಿಂದ ಬೇರ್ಪಡಿಸಿ ಗುರುತಿಸಲಾಗದು. ಕಾರ್ನಾಕ್‌ನಲ್ಲೂ ಬಹರಿಯ ಓಯಸಿಸ್‌ನಲ್ಲೂ ಅವನ ಹೆಸರಿದೆ. ‘ರಾ (ಸೂರ್ಯದೇವ) ಆರಿಸಿಕೊಂಡವನು, ಅಮುನನಿಗೆ ಪ್ರಿಯನಾದವನು’ ಎಂಬುದು ಅವನ ಪಟ್ಟದ ಹೆಸರು. ‘ಈಜಿಪ್ಟಿನ ರಕ್ಷಕ’ ಎಂಬುದೂ ಬಿರುದುಗಳಲ್ಲಿ ಒಂದು.

ಇದರಲ್ಲಿ ಅಲೆಕ್ಸಾಂಡರ್‌ನ ಪಾತ್ರ ಎಷ್ಟು ಎಂದು ಕೇಳಬಹುದು. ಈಜಿಪ್ಟಿನ ನಂಬಿಕೆಯಲ್ಲಿ ಪೂಜೆ ಸಲ್ಲಿಸುವ ಅಧಿಕಾರ ಫೇರೋಗೆ ಮಾತ್ರ, ಅರ್ಚಕ ಅವನ ಪರವಾಗಿ ಮಾಡುವವನು. ಫೇರೋ ಇಲ್ಲದಿದ್ದರೆ ಪೂಜೆಯೇ ಸಲ್ಲದು, ಪತ್ರಕ್ಕೆ ವರ್ಷ ಹಾಕಲೂ ಆಗದು. ಹಾಗಾಗಿ ದೇಶವನ್ನು ಹಿಡಿದವನು ಯಾರೇ ಆದರೂ ಅರ್ಚಕರಿಗೆ ಅವನನ್ನು ಫೇರೋ ಮಾಡದೆ ವಿಧಿಯಿರಲಿಲ್ಲ. ಅಲೆಕ್ಸಾಂಡರ್ ಮಾಡಬೇಕಾಗಿದ್ದದ್ದು ಅದನ್ನು ತಡೆಯದೆ ಇರುವುದು, ದೇವಸ್ಥಾನಗಳ ಭೂಮಿ ಮತ್ತು ಆದಾಯದ ತಂಟೆಗೆ ಹೋಗದೆ ಇರುವುದು. ಅಷ್ಟನ್ನು ಅವನು ಮಾಡಿದ. ಅವನ ಅಧಿಕಾರಿ ಅದನ್ನು ಪಾಲಿಸಲಿಲ್ಲ, ಆ ಮಾತು ಮುಂದೆ ಬರುತ್ತದೆ.

ಸಿವಾ ಓಯಸಿಸ್‌ನ ಅಮ್ಮೋನ್ ದೇವವಾಣಿ ಕೇಳಲು ಹೋದದ್ದು, ಫೇರೋಸ್ ದ್ವೀಪದ ಎದುರು ಅಲೆಕ್ಸಾಂಡ್ರಿಯಕ್ಕೆ ಅಡಿಪಾಯ ಹಾಕಿದ್ದು ಎಲ್ಲರಿಗೂ ಗೊತ್ತಿರುವ ವಿಷಯ, ಅವನ್ನು ಇಲ್ಲಿ ಹಿಗ್ಗಿಸುವುದಿಲ್ಲ. ಆಡಳಿತದ ದೃಷ್ಟಿಯಿಂದ ಒಂದು ಮಾತು ಮಾತ್ರ: ಮೆಂಫಿಸ್ ನದಿಯ ಮೇಲಿನ ಊರು, ನೋಟ ಒಳನಾಡಿನ ಕಡೆಗೆ. ಹೊಸ ನಗರ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೈಲ್ ಕಾಲುವೆಗಳು ಬಂದು ಸೇರುವ ಮರಿಯೋಟಿಸ್ ಕೆರೆ, ಇವುಗಳ ನಡುವಿನ ಪಟ್ಟಿಯ ಮೇಲೆ ಕೂತಿತು. ಒಳನಾಡಿನ ಧಾನ್ಯ ಇಲ್ಲಿ ದೋಣಿಯಿಂದ ಇಳಿದು ಸಮುದ್ರದ ಹಡಗು ಹತ್ತಬಹುದು. ಧಾನ್ಯವನ್ನು ಬೆಳ್ಳಿಯಾಗಿ ಮಾಡುವ ಜಾಗ ಅದು.

ಇನ್ನು ಅಧಿಕಾರ ಹಂಚಿಕೆ. ಇದನ್ನು ಅತ್ಯಂತ ವಿವರವಾಗಿ ಕೊಟ್ಟಿರುವವನು ಅರಿಯನ್. ಅವನ ಆಧಾರಗಳಲ್ಲಿ ಮುಖ್ಯನಾದವನು ಅಲೆಕ್ಸಾಂಡರ್‌ನ ಜೊತೆಗಿದ್ದು ನಂತರ ಈಜಿಪ್ಟನ್ನೇ ಆಳಿದ ಟಾಲೆಮಿ, ಆದ್ದರಿಂದ ಈ ಪಟ್ಟಿಗೆ ತೂಕವಿದೆ. ನಾಗರಿಕ ಆಡಳಿತಕ್ಕೆ ಡೊಲೊಆಸ್ಪಿಸ್ ಮತ್ತು ಪೆಟಿಸಿಸ್ ಎಂಬಿಬ್ಬರು, ಇಬ್ಬರೂ ಈಜಿಪ್ಟಿನವರು ಎನ್ನುತ್ತಾನೆ ಅರಿಯನ್. ದೇಶವನ್ನು ಇಬ್ಬರಿಗೂ ಎರಡು ಪಾಲು ಮಾಡಿ ಕೊಟ್ಟರೆ ಪೆಟಿಸಿಸ್ ತನಗೆ ಬೇಡವೆಂದ, ಡೊಲೊಆಸ್ಪಿಸ್ ಪೂರ್ತಿಯನ್ನೂ ವಹಿಸಿಕೊಂಡ. ಕೋಟೆಗಳ ಪೈಕಿ ಮೆಂಫಿಸ್ ಪಿಡ್ನಾದ ಪ್ಯಾಂಟಲಿಯನ್‌ಗೆ, ಪೆಲೂಸಿಯಮ್ ಪೆಲ್ಲಾದ ಪೊಲೆಮೊನ್‌ಗೆ. ಕೂಲಿ ಸೈನಿಕರಿಗೆ ಲಿಸಿಡಾಸ್ ದಳಪತಿ, ಅವರ ದಫ್ತರಕ್ಕೆ ಯೂಗ್ನೋಸ್ಟೋಸ್, ಈ ಇಬ್ಬರ ಮೇಲೂ ಕಣ್ಣಿಡಲು ಈಸ್ಕಿಲಸ್ ಮತ್ತು ಎಫಿಪ್ಪಸ್ ಎಂಬ ಇಬ್ಬರು ಮೇಲ್ವಿಚಾರಕರು. ದೇಶದಲ್ಲಿ ಬಿಟ್ಟ ಸೈನ್ಯಕ್ಕೆ ಪ್ಯೂಕೆಸ್ಟಾಸ್, ಬಲಾಕ್ರಸ್ ಎಂಬಿಬ್ಬರು ಸೇನಾಪತಿಗಳು. ನೌಕಾಪಡೆಗೆ ಇನ್ನೊಬ್ಬ ಪೊಲೆಮೊನ್, ಥೆರಮೆನೀಸ್‌ನ ಮಗ. ಪಶ್ಚಿಮದ ಲಿಬಿಯ ಗಡಿಗೆ ಅಪೊಲೊನಿಯಸ್. ಪೂರ್ವದಲ್ಲಿ ಹೆರೋನ್‌ಪೊಲಿಸ್ ಸುತ್ತಲಿನ ಅರೇಬಿಯ ಗಡಿಗೆ ನಮ್ಮ ಕ್ಲಿಯೊಮಿನೀಸ್. ಸೈನ್ಯ 4,000, ಹಡಗು 30 ಎಂದು ಕರ್ಟಿಯಸ್ ಅಂಕಿ ಕೊಡುತ್ತಾನೆ. ದಕ್ಷಿಣ ತುದಿಯ ಎಲಿಫೆಂಟೈನ್ ದ್ವೀಪದಲ್ಲೂ ಕಾವಲಿತ್ತು. ಕಿಯೊಸ್ ದ್ವೀಪದಲ್ಲಿ ಪರ್ಷಿಯದ ಪರ ವಹಿಸಿ ಸೆರೆಸಿಕ್ಕವರನ್ನು ಅಲ್ಲಿಗೇ ಕಳುಹಿಸಿದ್ದ.

ಲಕ್ಷಗಟ್ಟಲೆ ಜನರ ದೇಶಕ್ಕೆ 4,000 ಸೈನಿಕರು ಎಂದರೆ ಏನೂ ಅಲ್ಲ. ಅವರು ಜನರನ್ನು ಹೆದರಿಸಿ ಆಳಲು ಇದ್ದವರಲ್ಲ. ಬಾಗಿಲು ಕಾಯಲು ಇದ್ದವರು. ಈಜಿಪ್ಟಿಗೆ ಪೂರ್ವ, ಪಶ್ಚಿಮ ಎರಡೂ ಕಡೆ ಮರಳುಗಾಡು, ಉತ್ತರಕ್ಕೆ ಬಂದರುಗಳೇ ಕಡಿಮೆಯಿರುವ ಕರಾವಳಿ. ಪೆಲೂಸಿಯಮ್ ಹಿಡಿದರೆ ಪೂರ್ವದ ದಾರಿ ಮುಚ್ಚುತ್ತದೆ, ಮೆಂಫಿಸ್ ಹಿಡಿದರೆ ನೈಲ್ ನದಿ ಕವಲೊಡೆಯುವ ಜಾಗ ಕೈಯಲ್ಲಿರುತ್ತದೆ, ಎಲಿಫೆಂಟೈನ್ ಹಿಡಿದರೆ ದಕ್ಷಿಣ ಭದ್ರ. ಹಳ್ಳಿಗಳ ಮಟ್ಟದಲ್ಲಿ ಏನನ್ನೂ ಮುಟ್ಟುವ ಅಗತ್ಯವಿರಲಿಲ್ಲ. ದೇಶ ಮೊದಲಿನಿಂದಲೂ ಸುಮಾರು ನಲವತ್ತು ಜಿಲ್ಲೆಗಳಾಗಿ ಹಂಚಿಹೋಗಿತ್ತು, ಗ್ರೀಕರು ಇವನ್ನು ನೋಮ್ ಎಂದರು. ಭೂಮಿಯ ಅಳತೆ, ನೆರೆಯ ಎತ್ತರದ ಲೆಕ್ಕ, ಕಣದಲ್ಲಿ ರಾಜಭಾಗ ಎತ್ತುವುದು ಎಲ್ಲವನ್ನೂ ನೋಮ್‌ನ ಅಧಿಕಾರಿಗಳು ಮತ್ತು ದೇವಸ್ಥಾನದ ಕರಣಿಕರು ತಮ್ಮದೇ ಲಿಪಿಯಲ್ಲಿ ಬರೆದಿಡುತ್ತಿದ್ದರು. ಆ ಲಿಪಿ ಮ್ಯಾಸಿಡೋನಿಯದವರಿಗೆ ಬರುತ್ತಿರಲಿಲ್ಲ. ನೋಮ್ ಅಧಿಕಾರಿಗಳು ಹಿಂದಿನಿಂದ ಬಂದ ಪದ್ಧತಿಯಂತೆ ನಡೆಸಿಕೊಂಡು ಹೋಗಲಿ ಎಂದು ಅಲೆಕ್ಸಾಂಡರ್ ಅಪ್ಪಣೆ ಕೊಟ್ಟದ್ದು ಔದಾರ್ಯದಿಂದ ಮಾತ್ರವಲ್ಲ, ಬೇರೆ ದಾರಿಯೇ ಇರಲಿಲ್ಲ.

ಸೈನಿಕರು ಮತ್ತು ದೇವಸ್ಥಾನಗಳ ಸಂಬಂಧ ದಿನನಿತ್ಯ ಹೇಗಿತ್ತು ಎನ್ನುವುದಕ್ಕೆ ಒಂದು ಸಣ್ಣ ವಸ್ತು ಸಿಕ್ಕಿದೆ. ಸಕ್ಕಾರದಲ್ಲಿ, ಪವಿತ್ರ ಪ್ರಾಣಿಗಳ ಸಮಾಧಿಗಳ ಬಳಿ ದೊರೆತ ಒಂದು ತುಂಡು ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಅದು. ದೂರದಿಂದಲೂ ಓದಲು ಬರುವಂತೆ ದೊಡ್ಡ ಗ್ರೀಕ್ ಅಕ್ಷರಗಳಲ್ಲಿ ಮೂರೇ ಸಾಲು: ಪ್ಯೂಕೆಸ್ಟಾಸ್‌ನ ಅಪ್ಪಣೆ, ಯಾರೂ ಈ ಕಡೆ ಹಾಯಕೂಡದು, ಈ ಕೋಣೆ ಅರ್ಚಕನದು. ಬಾಗಿಲಿಗೋ ಗೋಡೆಗೋ ಹಚ್ಚಿದ ಸೂಚನೆ. ಅರಿಯನ್ ಹೆಸರಿಸುವ ಸೇನಾಪತಿಯೇ ಈ ಪ್ಯೂಕೆಸ್ಟಾಸ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ಈಜಿಪ್ಟಿನ ಗ್ರೀಕ್ ಪಪೈರಸ್ ಎಂದರೆ ಕನ್ನಡಿಗರಿಗೆ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪ್ರಹಸನ ನೆನಪಾಗುತ್ತದೆ, ಅದರ ಅನ್ಯಭಾಷೆಯ ಮಾತುಗಳು ಕನ್ನಡವೇ ಎಂಬ ಚರ್ಚೆ ನೂರು ವರ್ಷ ದಾಟಿದೆ. ಪ್ಯೂಕೆಸ್ಟಾಸ್‌ನ ಚೀಟಿ ಅದಕ್ಕಿಂತ ನಾಲ್ಕು ಶತಮಾನಕ್ಕೂ ಹೆಚ್ಚು ಹಳೆಯದು. ದೇವಸ್ಥಾನಕ್ಕೆ ಸೈನಿಕರು ನುಗ್ಗಬಾರದೆಂಬ ನೀತಿ ಸೇನಾಪತಿಯ ಬಾಯಿಮಾತಾಗಿ ಉಳಿಯದೆ ಒಂದೊಂದು ಕೋಣೆಯ ಬಾಗಿಲಿನವರೆಗೂ ಇಳಿದಿತ್ತು ಎಂದು ಅದು ತೋರಿಸುತ್ತದೆ. ಸೂಚನೆ ಹಚ್ಚಬೇಕಾಗಿ ಬಂತು ಎಂದರೆ ಸೈನಿಕರು ನುಗ್ಗುತ್ತಿದ್ದರು ಎಂದೂ ಅರ್ಥ.

ಅಧಿಕಾರವನ್ನು ಸೀಳುವುದು ಅಲೆಕ್ಸಾಂಡರ್‌ಗೆ ಹೊಸದಲ್ಲ. 334ರಲ್ಲಿ, ಈಗಿನ ಟರ್ಕಿಯಲ್ಲಿದ್ದ ಸಾರ್ಡಿಸ್ ನಗರ ಕೈಗೆ ಬಂದಾಗ ಪ್ರಾಂತ ಅಸಾಂಡರ್‌ಗೆ, ಕಪ್ಪಕಾಣಿಕೆ ನಿಕಿಯಾಸ್‌ಗೆ, ಕೋಟೆ ಪೌಸಾನಿಯಸ್‌ಗೆ ಎಂದು ಮೂವರಿಗೆ ಹಂಚಿದ್ದ. ಈಜಿಪ್ಟಿನ ನಂತರ ಬ್ಯಾಬಿಲೋನಿನಲ್ಲೂ ಪ್ರಾಂತಾಧಿಪತಿ, ಸೇನಾಪತಿ, ತೆರಿಗೆ ವಸೂಲಿಗಾರ ಬೇರೆ ಬೇರೆ. ಮೂರು ಪಾಲಿನ ಜಾಗದಲ್ಲಿ ಈಜಿಪ್ಟಿನಲ್ಲಿ ಹನ್ನೆರಡು ಪಾಲಾಯಿತು, ಅಷ್ಟೇ. ದೇಶದ ಗುಣ ಮತ್ತು ಬಲ ಕಂಡು, ಇಡೀ ಈಜಿಪ್ಟನ್ನು ಒಬ್ಬನಿಗೆ ಒಪ್ಪಿಸುವುದು ಕ್ಷೇಮವಲ್ಲ ಎಂದು ಅವನಿಗೆ ಅನಿಸಿತಂತೆ ಎಂದು ಅರಿಯನ್ ಹೇಳುತ್ತಾನೆ. ರೋಮನ್ನರು ಈಜಿಪ್ಟಿಗೆ ಸೆನೆಟ್ ಸದಸ್ಯರನ್ನು ಕಳಿಸದೆ ಕೆಳದರ್ಜೆಯ ಅಧಿಕಾರಿಗಳನ್ನೇ ಕಳಿಸುತ್ತಿದ್ದುದೂ ಇದನ್ನೇ ನೋಡಿ ಕಲಿತದ್ದು ಎಂಬುದು ಅವನ ಅಭಿಪ್ರಾಯ. ಭಯ ಸರಿಯಾಗಿಯೇ ಇತ್ತು. ಹೊರಗಿನಿಂದ ಹೊಗಲು ಕಷ್ಟ, ಒಳಗೆ ಊಟಕ್ಕೆ ಕೊರತೆಯಿಲ್ಲ. ಅಂಥ ದೇಶವನ್ನು ಒಬ್ಬ ಹಿಡಿದು ಕೂತರೆ ಅವನನ್ನು ಎಬ್ಬಿಸುವವರಿಲ್ಲ.

ತಪ್ಪಿದ್ದು ಎಲ್ಲಿ? ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಕೋಟೆಗಳು ಇಬ್ಬರ ನಡುವೆ ಹಂಚಿಹೋಗಿವೆ, ಸೈನ್ಯಕ್ಕೂ ಕೂಲಿಪಡೆಗೂ ಜೊತೆಗಾರನೋ ಮೇಲ್ವಿಚಾರಕನೋ ಇದ್ದಾನೆ, ನೌಕೆ ಇವರೆಲ್ಲರಿಂದ ಬೇರೆಯವನ ಕೈಯಲ್ಲಿದೆ. ಎಲ್ಲ ನೋಮ್‌ಗಳ ಕಂದಾಯ ಕ್ಲಿಯೊಮಿನೀಸ್‌ಗೆ ಬರಬೇಕು ಎಂಬ ಅಪ್ಪಣೆಗೆ ಮಾತ್ರ ಜೊತೆಗಾರನೂ ಇಲ್ಲ, ಲೆಕ್ಕ ನೋಡುವವನೂ ಇಲ್ಲ. ಗಡಿಯೊಂದರ ಅಧಿಕಾರಿಯಾಗಿದ್ದವನಿಗೆ ದೇಶದ ಹಣವೆಲ್ಲ ಸೇರಿತು. 4,000 ಜನರ ಸಂಬಳ ಅವನೇ ಕೊಡಬೇಕು, ಹಡಗಿನ ದುರಸ್ತಿಗೆ ಅವನೇ ಕೊಡಬೇಕು, ಅಲೆಕ್ಸಾಂಡ್ರಿಯ ಕಟ್ಟುವ ಕೆಲಸವೂ ಅವನ ಮೇಲೆಯೇ ಬಿತ್ತು. ದುಡ್ಡೇ ದೊಡ್ಡಪ್ಪ ಎಂಬ ಗಾದೆ ಆಡಳಿತಕ್ಕೆ ಅನ್ವಯಿಸುವುದು ಹೀಗೆ: ಸಂಬಳಕ್ಕೆ ಕೈಯೊಡ್ಡಬೇಕಾದ ಸೇನಾಪತಿ ಸಂಬಳ ಕೊಡುವವನ ಮೇಲೆ ಕಾವಲಿರಲಾರ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಈಜಿಪ್ಟಿನ ಒಳನಾಡಿನಲ್ಲಿ ನಾಣ್ಯದ ಬಳಕೆ ಬಹಳ ಕಡಿಮೆ, ತೆರಿಗೆ ಬರುತ್ತಿದ್ದದ್ದು ಮುಖ್ಯವಾಗಿ ಧಾನ್ಯದಲ್ಲಿ. ಅಲೆಕ್ಸಾಂಡರ್‌ಗೆ, ಅವನ ಗ್ರೀಕ್ ಸೈನಿಕರಿಗೆ ಬೇಕಾದದ್ದು ಬೆಳ್ಳಿ. ನಡುವೆ ಒಂದೇ ಸೇತುವೆ, ಸಮುದ್ರದಾಚೆಗೆ ಧಾನ್ಯ ರಫ್ತು. ಪರ್ಷಿಯನ್ನರ ಕಾಲದ ಲೆಕ್ಕ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಬರಹದಲ್ಲಿದೆ: ಈಜಿಪ್ಟ್, ಲಿಬಿಯ, ಸಿರೀನ್, ಬಾರ್ಕ ಸೇರಿ ವರ್ಷಕ್ಕೆ 700 ಟ್ಯಾಲೆಂಟ್, ಮೋಯ್ರಿಸ್ ಕೆರೆಯ ಮೀನಿನ ಆದಾಯ ಬೇರೆ, ಮೆಂಫಿಸ್ ಕಾವಲುಪಡೆಗೆ 1,20,000 ಅಳತೆ ಧಾನ್ಯ ಬೇರೆ. ಬೆಳ್ಳಿ ಮತ್ತು ಧಾನ್ಯ ಎರಡು ಬೇರೆ ಬೇರೆ ಬಾಬತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ನಾಕ್ರಟಿಸ್ ನೈಲ್ ನದಿಯ ಪಶ್ಚಿಮ ಕವಲಿನ ಮೇಲಿದ್ದ, ಇನ್ನೂರು ವರ್ಷಕ್ಕೂ ಹಳೆಯ ಗ್ರೀಕ್ ವ್ಯಾಪಾರದ ಊರು. ಅಲ್ಲಿಯವನಾದ ಕ್ಲಿಯೊಮಿನೀಸ್‌ಗೆ ಎರಡೂ ದಡ ಗೊತ್ತಿತ್ತು. ಅಲೆಕ್ಸಾಂಡರ್ ಅವನನ್ನು ಆರಿಸಿದ್ದೂ ಅದಕ್ಕೇ ಇರಬೇಕು.

ಅವನು ಹಣ ಎತ್ತುತ್ತಿದ್ದ ರೀತಿ ಅರಿಸ್ಟಾಟಲ್‌ನ ಹೆಸರಿನಲ್ಲಿ ಬಂದಿರುವ ಒಂದು ಅರ್ಥಶಾಸ್ತ್ರದ ಬರಹದಲ್ಲಿ ದಾಖಲಾಗಿದೆ. ಸುತ್ತಲ ದೇಶಗಳಲ್ಲಿ ಕಡು ಬರ ಬಂದು ಈಜಿಪ್ಟಿನಲ್ಲಿ ಅಷ್ಟಾಗಿ ತಟ್ಟದೆ ಇದ್ದಾಗ ಅವನು ಮೊದಲು ರಫ್ತನ್ನೇ ನಿಲ್ಲಿಸಿದ. ರಫ್ತಿಲ್ಲದಿದ್ದರೆ ಕಂದಾಯ ಕಟ್ಟುವುದು ಹೇಗೆ ಎಂದು ನೋಮ್ ಅಧಿಕಾರಿಗಳು ಗೋಳಿಟ್ಟರು. ಆಗ ರಫ್ತಿಗೆ ಒಪ್ಪಿ ಅದರ ಮೇಲೆ ಭಾರಿ ಸುಂಕ ಹೇರಿದ. ಫಲವೇನಾಯಿತೆಂದರೆ ಹೊರಹೋದ ಧಾನ್ಯ ಸ್ವಲ್ಪ, ಸುಂಕದ ಆದಾಯ ಬಹಳ, ಅಧಿಕಾರಿಗಳಿಗೆ ಕಂದಾಯ ಕಟ್ಟದಿರಲು ನೆಪವೂ ಉಳಿಯಲಿಲ್ಲ. ಇನ್ನೊಂದು ಸಲ ಧಾನ್ಯ 10 ದ್ರಾಕ್ಮಕ್ಕೆ ಮಾರಾಟವಾಗುತ್ತಿತ್ತು. ಮಾರುವವರನ್ನು ಕರೆಸಿ ತನಗೆ ಎಷ್ಟಕ್ಕೆ ಕೊಡುವಿರಿ ಎಂದು ಕೇಳಿದ. ವ್ಯಾಪಾರಿಗಳಿಗೆ ಕೊಡುವುದಕ್ಕಿಂತ ಕಡಿಮೆಗೆ ಎಂದರು. ಕಡಿಮೆ ಬೇಡ, ಅವರಿಗೆ ಕೊಡುವ ಬೆಲೆಗೇ ಕೊಡಿ ಎಂದ. ಎಲ್ಲವೂ ತನ್ನ ಕೈಗೆ ಬಂದ ಮೇಲೆ 32 ದ್ರಾಕ್ಮ ಬೆಲೆ ಕಟ್ಟಿ ಮಾರಿದ. ರೈತನ ಹತ್ತಿರ ಕಿತ್ತುಕೊಳ್ಳಲಿಲ್ಲ, ನಡುವಿನ ವ್ಯಾಪಾರಿಯನ್ನು ತೆಗೆದುಹಾಕಿದ. ಸರ್ಕಾರವೇ ಏಕೈಕ ಧಾನ್ಯ ವ್ಯಾಪಾರಿಯಾದರೆ ಏನಾಗುತ್ತದೆ ಎಂಬುದಕ್ಕೆ ಇದು ಬಹಳ ಹಳೆಯ ದಾಖಲೆ.

ದೇವಸ್ಥಾನಗಳ ವಿಷಯದಲ್ಲಿ ಅವನು ದೊರೆಯ ನೀತಿಯನ್ನೇ ಮುರಿದ. ಖರ್ಚು ಹೆಚ್ಚಾಗಿದೆ, ಕೆಲವು ದೇವಸ್ಥಾನಗಳನ್ನು ಮುಚ್ಚಿ ಅರ್ಚಕರ ಸಂಖ್ಯೆ ಇಳಿಸಬೇಕು ಎಂದು ಅರ್ಚಕರನ್ನು ಕರೆಸಿ ಹೇಳಿದ. ಯಾರ ದೇವಸ್ಥಾನ ಎಂದು ಹೇಳಲಿಲ್ಲ. ಪ್ರತಿಯೊಬ್ಬರೂ ತಮ್ಮದು ಉಳಿಯಲಿ ಎಂದು ದೇವಸ್ಥಾನದ ನಿಧಿಯಿಂದಲೂ ಸ್ವಂತದ್ದರಿಂದಲೂ ತಂದು ಸುರಿದರು. ಮೊಸಳೆಯನ್ನು ದೇವರೆಂದು ಪೂಜಿಸುವ ನೋಮ್‌ನಲ್ಲಿ ದೋಣಿಯಲ್ಲಿ ಹೋಗುತ್ತಿದ್ದಾಗ ಅವನ ಆಳೊಬ್ಬನನ್ನು ಮೊಸಳೆ ಎಳೆದುಕೊಂಡು ಹೋಯಿತು. ಮೊದಲು ಕೈಮಾಡಿದ್ದು ಮೊಸಳೆಗಳು, ಈಗ ನನ್ನ ಸರದಿ ಎಂದು ಬೇಟೆಗೆ ಆಜ್ಞೆ ಮಾಡಿದ. ಅರ್ಚಕರು ಸಿಕ್ಕಷ್ಟು ಚಿನ್ನ ಒಟ್ಟುಮಾಡಿ ತಂದುಕೊಟ್ಟ ಮೇಲೆ ನಿಲ್ಲಿಸಿದ. ಕ್ಯಾನೋಪಸ್ ಪೇಟೆಯ ಪ್ರಸಂಗ ಇನ್ನೂ ಕ್ರೂರ. ಅಲ್ಲಿನ ಪೇಟೆಯನ್ನು ಹೊಸ ಅಲೆಕ್ಸಾಂಡ್ರಿಯಕ್ಕೆ ಎತ್ತಬೇಕೆಂಬುದು ಅಲೆಕ್ಸಾಂಡರ್‌ನ ಅಪ್ಪಣೆ. ಕ್ಲಿಯೊಮಿನೀಸ್ ಮೊದಲು ಹೋಗಿ ಎತ್ತುತ್ತೇನೆ ಎಂದು ಹೆದರಿಸಿ, ಎತ್ತದಿರಲು ಅಲ್ಲಿನ ಅರ್ಚಕರಿಂದ, ಆಸ್ತಿವಂತರಿಂದ ಹಣ ತೆಗೆದುಕೊಂಡು ಬಂದ. ಹೊಸ ಊರಿನ ಕಟ್ಟಡ ಸಾಮಗ್ರಿ ಸಿದ್ಧವಾದ ಮೇಲೆ ಮತ್ತೆ ಹೋಗಿ ಅವರು ಕೊಡಲಾಗದಷ್ಟು ಮೊತ್ತ ಕೇಳಿದ. ಕೊಡಲಾಗುವುದಿಲ್ಲ ಎಂದಾಗ ಪೇಟೆಯನ್ನೂ ಎತ್ತಿದ.

ಈ ಪ್ರಸಂಗಗಳನ್ನು ಓದುವಾಗ ಒಂದು ಎಚ್ಚರ ಬೇಕು. ಆ ಬರಹ ಇಂಥ ಯುಕ್ತಿಗಳನ್ನೇ ಆರಿಸಿ ಒಟ್ಟುಮಾಡಿದ್ದು, ಹಾಗಾಗಿ ಅವನ ದಿನನಿತ್ಯದ ಆಡಳಿತ ಅದರಲ್ಲಿ ಕಾಣುವುದಿಲ್ಲ. ಆದರೆ ಅದರ ಮುಖ್ಯ ಮಾತಿಗೆ ಬೇರೆ ಕಡೆಯಿಂದ ಪುಷ್ಟಿ ಇದೆ. ಅಥೆನ್ಸಿನ ನ್ಯಾಯಾಲಯದಲ್ಲಿ 3,000 ದ್ರಾಕ್ಮ ಹಡಗು ಸಾಲದ ಮೊಕದ್ದಮೆಯೊಂದು ನಡೆಯಿತು. ಈಜಿಪ್ಟಿನಿಂದ ಧಾನ್ಯವನ್ನು ಅಥೆನ್ಸಿಗೆ ತರಬೇಕೆಂಬ ಕರಾರಿನ ಸಾಲ, ಹಡಗು ರೋಡ್ಸ್‌ನಲ್ಲೇ ಸರಕು ಇಳಿಸಿಬಿಟ್ಟಿತ್ತು. ಪ್ರತಿವಾದಿಗಳು ಕ್ಲಿಯೊಮಿನೀಸ್‌ನ ಕೂಟದವರು ಎಂಬುದು ಫಿರ್ಯಾದಿಯ ಆರೋಪ. ಕೂಟದ ಕೆಲಸ ಹೀಗೆ: ಕೆಲವರು ಈಜಿಪ್ಟಿನಿಂದ ಸರಕು ಕಳಿಸುವವರು, ಕೆಲವರು ಹಡಗಿನ ಜೊತೆ ಹೋಗುವವರು, ಕೆಲವರು ಅಥೆನ್ಸಿನಲ್ಲಿ ಕೂತು ಮಾರುವವರು. ಅಲ್ಲಿ ಕೂತವರು ಬೆಲೆಯ ಸುದ್ದಿಯನ್ನು ಪತ್ರದಲ್ಲಿ ಬರೆಯುತ್ತಾರೆ. ಬೆಲೆ ಏರಿದ್ದರೆ ಹಡಗು ಅಥೆನ್ಸಿಗೆ, ಇಳಿದಿದ್ದರೆ ಬೇರೆ ಬಂದರಿಗೆ. ವಾದಿಯ ಮಾತಿನಲ್ಲಿ ಕಹಿ ಇರುವುದು ಸಹಜವೇ, ಆದರೆ ಇಷ್ಟು ವಿವರ ಕಟ್ಟುಕತೆಯಾಗಲಾರದು. ಅದೇ ಬರಗಾಲದಲ್ಲಿ ಪಕ್ಕದ ಸಿರೀನ್ ಪಟ್ಟಣ ಗ್ರೀಸಿನ ಊರುಗಳಿಗೆ ಒಟ್ಟು 8,05,000 ಅಳತೆ ಧಾನ್ಯ ಕಳಿಸಿತು, ಅದರಲ್ಲಿ ಅಥೆನ್ಸಿಗೆ ಒಂದು ಲಕ್ಷ. ಅದರ ಶಾಸನ ಉಳಿದಿದೆ. ಅವರನ್ನು ನೆನೆಯುವುದೂ ಕ್ಲಿಯೊಮಿನೀಸ್‌ನನ್ನು ಶಪಿಸುವುದೂ ಅಥೆನ್ಸಿನವರಿಗೆ ಯಾಕೆ ಸಹಜವಾಯಿತು ಎಂದು ಇದರಿಂದ ತಿಳಿಯುತ್ತದೆ.

ಅಲೆಕ್ಸಾಂಡರ್‌ಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 325ರ ಕೊನೆಗೆ ಪೂರ್ವದಿಂದ ಮರಳಿದವನು ಜನರನ್ನು ಸುಲಿದ ಅಧಿಕಾರಿಗಳನ್ನು ಹುಡುಕಿ ಕೊಲ್ಲಿಸಿದ. ಖಜಾನೆ ನೋಡಿಕೊಳ್ಳುತ್ತಿದ್ದ ಹಾರ್ಪಲಸ್ ಹೆದರಿ 5,000 ಟ್ಯಾಲೆಂಟ್ ಹೊತ್ತುಕೊಂಡು ಓಡಿಹೋದ. ಕ್ಲಿಯೊಮಿನೀಸ್‌ಗೆ ಮಾತ್ರ ಏನೂ ಆಗಲಿಲ್ಲ. 324ರಲ್ಲಿ ಪ್ರಾಣಸ್ನೇಹಿತ ಹೆಫೆಸ್ಟಿಯನ್ ಸತ್ತ ದುಃಖದಲ್ಲಿದ್ದ ಅಲೆಕ್ಸಾಂಡರ್ ಅವನಿಗೊಂದು ಪತ್ರ ಬರೆದ. ಅಲೆಕ್ಸಾಂಡ್ರಿಯದಲ್ಲೂ ಫೇರೋಸ್ ದ್ವೀಪದಲ್ಲೂ ಹೆಫೆಸ್ಟಿಯನ್‌ಗೆ ಗುಡಿ ಕಟ್ಟಿಸು, ವ್ಯಾಪಾರಿಗಳ ಕರಾರುಗಳಲ್ಲಿ ಅವನ ಹೆಸರು ಬರುವಂತೆ ಮಾಡು, ಗುಡಿಗಳು ಚೆನ್ನಾಗಿ ಎದ್ದರೆ ಈವರೆಗೆ ಮಾಡಿದ ತಪ್ಪೆಲ್ಲವನ್ನೂ ಮನ್ನಿಸುತ್ತೇನೆ, ಮುಂದೆ ಏನೇ ಮಾಡಿದರೂ ನನ್ನಿಂದ ನಿನಗೆ ಕೇಡಾಗದು ಎಂಬುದು ಅದರ ಸಾರ. ಅಲೆಕ್ಸಾಂಡರ್‌ನ ಬಹುತೇಕ ನಡೆಗಳನ್ನು ಸಮರ್ಥಿಸುವ ಅರಿಯನ್‌ಗೂ ಇದು ಸಹಿಸಲಾಗದ ಮಾತು. ದೊಡ್ಡ ದೇಶವನ್ನೂ ಅಷ್ಟು ಜನರನ್ನೂ ಆಳುತ್ತಿದ್ದ ಕೆಟ್ಟ ಮನುಷ್ಯನಿಗೆ ದೊರೆ ಹೀಗೆ ಬರೆದನಲ್ಲ ಎಂದು ನೇರವಾಗಿ ಆಕ್ಷೇಪಿಸುತ್ತಾನೆ. ಈ ಹೊತ್ತಿಗೆ ಅರಿಯನ್ ಅವನನ್ನು ಈಜಿಪ್ಟಿನ ಆಡಳಿತಗಾರ ಎಂದೇ ಕರೆಯುವುದನ್ನು ಗಮನಿಸಿ. ಡೊಲೊಆಸ್ಪಿಸ್‌ನ ಹೆಸರು ಆ ಮೊದಲ ಪಟ್ಟಿಯ ನಂತರ ಎಲ್ಲೂ ಬರುವುದಿಲ್ಲ.

323ರ ಜೂನ್‌ನಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತ. ಸೇನಾನಿಗಳು ಪ್ರಾಂತಗಳನ್ನು ಹಂಚಿಕೊಂಡಾಗ ಈಜಿಪ್ಟ್ ಟಾಲೆಮಿಗೆ ಬಂತು, ಕ್ಲಿಯೊಮಿನೀಸ್ ಅವನ ಕೈಕೆಳಗಿನವನಾಗಿ ಮುಂದುವರಿಯಬೇಕು ಎಂದು ತೀರ್ಮಾನವಾಯಿತು. ಟಾಲೆಮಿ ಬಂದು ನೋಡಿದರೆ ಖಜಾನೆಯಲ್ಲಿ 8,000 ಟ್ಯಾಲೆಂಟ್. ಅಥೆನ್ಸಿನ ತೂಕದಲ್ಲಿ ಹಿಡಿದರೆ 200 ಟನ್ ದಾಟುವ ಬೆಳ್ಳಿ. ಪರ್ಷಿಯನ್ನರ 700 ಟ್ಯಾಲೆಂಟಿನ ಜೊತೆ ನೇರವಾಗಿ ಹೋಲಿಸಬೇಡಿ, ಅವರ ಟ್ಯಾಲೆಂಟ್ ತೂಕದಲ್ಲಿ ದೊಡ್ಡದು. ಆದರೂ ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,000 ಟ್ಯಾಲೆಂಟ್. ಅದು ಬಂದ ಆದಾಯವಲ್ಲ, ಸಂಬಳ ಮತ್ತು ಹೊಸ ನಗರದ ಖರ್ಚು ಕಳೆದು ಉಳಿದದ್ದು. ನ್ಯಾಯವಾಗಿ ಒಂದು ಮಾತು ಹೇಳಬೇಕು: ಕ್ಲಿಯೊಮಿನೀಸ್ ಅದನ್ನು ಹೊತ್ತು ಓಡಿಹೋಗಲಿಲ್ಲ, ಹಾರ್ಪಲಸ್‌ನಂತೆ ಮೋಜಿಗೂ ಸುರಿಯಲಿಲ್ಲ. ನಗರ ಎದ್ದಿತ್ತು, ಹಣ ಖಜಾನೆಯಲ್ಲೇ ಇತ್ತು. ಕೊಟ್ಟ ಕೆಲಸವನ್ನು ಅವನು ಮಾಡಿದ. ಆ ಕೆಲಸಕ್ಕೆ ಮಿತಿ ಹಾಕುವವರು ಇರಲಿಲ್ಲ ಎಂಬುದೇ ಕೇಡು.

ಟಾಲೆಮಿ ಆ ಹಣವನ್ನು ಇಟ್ಟುಕೊಂಡ, ಅದನ್ನು ಕೂಡಿಟ್ಟವನನ್ನು ಕೊಲ್ಲಿಸಿದ. ರಾಜಪ್ರತಿನಿಧಿ ಪರ್ಡಿಕಾಸ್‌ನ ಕಡೆಯವನು ಎಂಬ ಅನುಮಾನ ಅದಕ್ಕೆ ಕಾರಣ ಎನ್ನುತ್ತಾನೆ ಗ್ರೀಕ್ ಲೇಖಕ ಪೌಸಾನಿಯಸ್ (ಸಾರ್ಡಿಸ್ ಕೋಟೆಯ ಪೌಸಾನಿಯಸ್ ಬೇರೆ). ಬೆಳ್ಳಿಯಿಂದ ಕೂಲಿ ಸೈನಿಕರನ್ನು ಸೇರಿಸಿದ. ಮುಂದೆ ಪರ್ಡಿಕಾಸ್ ದಂಡೆತ್ತಿ ಬಂದು ಮೆಂಫಿಸ್ ಬಳಿ ನೈಲ್ ನದಿ ದಾಟಲು ಹೋಗಿ 2,000ಕ್ಕೂ ಹೆಚ್ಚು ಜನರನ್ನು ನೀರಿಗೆ, ಮೊಸಳೆಗಳಿಗೆ ಬಲಿಕೊಟ್ಟ, ತನ್ನ ಅಧಿಕಾರಿಗಳ ಕೈಯಿಂದಲೇ ಸತ್ತ. ಒಬ್ಬನೇ ಹಿಡಿದು ಕೂತರೆ ಎಬ್ಬಿಸಲಾಗದು ಎಂಬ ಅಲೆಕ್ಸಾಂಡರ್‌ನ ಭಯ ಹೀಗೆ ಅಕ್ಷರಶಃ ನಿಜವಾಯಿತು. ಟಾಲೆಮಿಯ ವಂಶ ಕ್ರಿ.ಪೂ. 30ರವರೆಗೆ ಅಲ್ಲಿಂದ ಕದಲಲಿಲ್ಲ.

ಹಾಗಾದರೆ ಈಜಿಪ್ಟಿನಲ್ಲಿ ಅಲೆಕ್ಸಾಂಡರ್‌ನ ಆಳ್ವಿಕೆ ಮುಗಿದದ್ದು ಯಾವಾಗ ಎಂದರೆ, ಕಾಗದದ ಮೇಲೆ ಅವನ ಸಾವಿನಿಂದಲೂ ಮುಗಿಯಲಿಲ್ಲ. ಪತ್ರಗಳಿಗೆ ಮೊದಲು ಅವನ ಮಲಸಹೋದರ ಫಿಲಿಪ್‌ನ ಹೆಸರಿನಲ್ಲಿ, ಆಮೇಲೆ ಮಗ ನಾಲ್ಕನೆಯ ಅಲೆಕ್ಸಾಂಡರ್‌ನ ಹೆಸರಿನಲ್ಲಿ ವರ್ಷ ಹಾಕುತ್ತಿದ್ದರು. ಎಲಿಫೆಂಟೈನ್‌ನಲ್ಲಿ ಸಿಕ್ಕಿರುವ ಕ್ರಿ.ಪೂ. 310ರ ಗ್ರೀಕ್ ಮದುವೆ ಕರಾರೊಂದರಲ್ಲಿ ವಧು ಕಾಸ್ ದ್ವೀಪದ ಡೆಮೆಟ್ರಿಯ, ವರ ಟೆಮ್ನೋಸ್ ಊರಿನ ಹೆರಾಕ್ಲಿಡೀಸ್, ವರದಕ್ಷಿಣೆ 1,000 ದ್ರಾಕ್ಮ ಬೆಲೆಯ ಬಟ್ಟೆ ಮತ್ತು ಒಡವೆ. ಅದರ ಮೊದಲ ಸಾಲಿನಲ್ಲಿ ಎರಡು ಲೆಕ್ಕಗಳಿವೆ: ಅಲೆಕ್ಸಾಂಡರ್‌ನ ಮಗ ಅಲೆಕ್ಸಾಂಡರ್‌ನ ಆಳ್ವಿಕೆಯ 7ನೆಯ ವರ್ಷ, ಟಾಲೆಮಿಯ ಪ್ರಾಂತಾಧಿಕಾರದ 14ನೆಯ ವರ್ಷ. ಹುಡುಗ ಅರಸ ಅದೇ ಹೊತ್ತಿಗೆ ಮ್ಯಾಸಿಡೋನಿಯದಲ್ಲಿ ಕೊಲೆಯಾದ. ಈಜಿಪ್ಟಿನ ಕರಣಿಕರು ಅವನ ಹೆಸರಿನಲ್ಲಿ ವರ್ಷ ಎಣಿಸುವುದನ್ನು 305ರವರೆಗೂ ನಿಲ್ಲಿಸಲಿಲ್ಲ. ಆ ಹೊತ್ತಿಗೆ ಟಾಲೆಮಿ ತಾನೇ ಅರಸನೆಂದು ಘೋಷಿಸಿಕೊಂಡ, ಲೆಕ್ಕ ಅವನ ಹೆಸರಿಗೆ ಬದಲಾಯಿತು.